ಮೀನಿನ ಮೇಲಿನ ಅಪವಾದ

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದಿನ ಸಾಲು ಆಮೆಯಂತೆ ತೆವಳುತ್ತಿತ್ತು. ಕೆಮ್ಮಿನ ಸಿರಪ್ಪಿಗೆಂದು ನಿಂತಿದ್ದ ಟೈಲರಮ್ಮನ ಕಿವಿ, ಮುಂದಿದ್ದ ಮೀನಂಗಡಿಯಾಕೆ ಮತ್ತು ಅವಳ ನಾದಿನಿಯ ಪಿಸುಮಾತಿನತ್ತ ತಾನಾಗಿಯೇ ವಾಲಿತು.

“ಡಾಕ್ಟ್ರು ಏನಂದ್ರು ಅತ್ತಿಗೆ?”

“ಕೆಳಗಿನ ವಾಸನೆ ಮೀನಿಂದಲ್ವಂತೆ ಕಣೇ. ಯೋನೀಲಿ ಸೋಂಕಾಗಿದೆಯಂತೆ.”

“ಅಯ್ಯೋ! ಅಂಗಡಿ ಮುಚ್ಚಿ ಮನೇಲಿ ಕೂತಿದ್ದು ದಂಡ ಆಯ್ತಲ್ಲ!”

“ಇನ್ನೇನು ಮತ್ತೆ! ಮೀನು ಮುಟ್ಟದಿದ್ರೂ ವಾಸನೆ ಹೋಗ್ಲಿಲ್ಲ ಅಂತ, ಘಮಘಮ ಸೋಪು ಹಾಕಿ ಒಳಗೆಲ್ಲಾ ತೊಳೆದೆ. ಅದರಿಂದ್ಲೇ ಜಾಸ್ತಿಯಾಗಿರ್ಬೋದಂತೆ. ಅಲ್ಲಿ ಒಳ್ಳೆ ಕ್ರಿಮಿಗಳೂ ಇರ್ತಾವಂತೆ, ಅವೂ ಕೊಚ್ಚಿಹೋಗ್ತಾವಂತೆ.”

“ನಾನು ಕೊಟ್ಟ ಟ್ಯೂಬ್ ಹಚ್ಚಿದ್ರಲ್ಲ?”

“ಅದು ಬೇರೆ ಸೋಂಕಿಗೆ. ನಿಂಗೆ ತುರಿಕೆ ಇತ್ತು, ಒಡೆದ ಮೊಸರಿನ ಹಾಗೆ ಬಿಳಿ ಹೋಗ್ತಿತ್ತು. ನಂಗೆ ತುರಿಕೆನೇ ಇಲ್ಲ, ನೀರ್ನೀರಾಗಿ ಹೋಗುತ್ತೆ, ಜೊತೆಗೆ ಈ ವಾಸನೆ. ಪರೀಕ್ಷೆ ಮಾಡಿ ಮಾತ್ರೆ ಬರ್ಕೊಟ್ರು. ವಾಸನೆ ಹೋದ್ರೂ ಪೂರ್ತಿ ಮುಗಿಸ್ಬೇಕಂತೆ.”

ಟೈಲರಮ್ಮ ಗಂಟಲಿಗೆ ಬಂದ ಕೆಮ್ಮನ್ನು ಬಾಯಿ ಮುಚ್ಚಿ ತಡೆದುಕೊಂಡಳು.

“ನಮ್ಮಣ್ಣಂಗೆ ಏನಂತೀರಿ? ಮೀನು ವ್ಯಾಪಾರಾನೇ ಬಿಡು ಅಂತ ಕುಣೀತಿದ್ನಲ್ಲ.”

ಮೀನಂಗಡಿಯಾಕೆ ಕಿಟಕಿಯಿಂದ ಮಾತ್ರೆ ತೆಗೆದುಕೊಂಡು ಚೀಲಕ್ಕೆ ಹಾಕಿ, ಬಾಗಿಲ ಕಡೆ ತಿರುಗಿದಳು.

“ನಾಳೆ ಅಂಗಡಿ ತೆಗೀತೀನಿ ಅಂತೀನಿ. ಪಾಪ, ಮೀನಿಂದೇನೂ ತಪ್ಪಿಲ್ಲ.”

ಅವರಿಬ್ಬರೂ ಬಾಗಿಲು ದಾಟಿದ ಮೇಲೆ ಟೈಲರಮ್ಮ ಮನಸಾರೆ ಕೆಮ್ಮಿದಳು.