ಬೆರಳ ತುದಿಯ ಜಡ್ಡು

...ಹಂಗೆ ದುರುಗುಟ್ಟಿಕೊಂಡು ನೋಡಬೇಡ್ವೇ ಅಕ್ಕ! ಬೆರಳಲ್ಲಿ ಒಂದು ಬೊಬ್ಬೆ ಅಷ್ಟೇ. ಹಾಲಿನ ಪಾತ್ರೆ ಇಳಿಸುವಾಗ ಬಟ್ಟೆ ಹಿಡಿಯೋದು ಮರೆತೆ. ಅದಕ್ಕೆ ಹೊಲಿಗೆ ಮಿಷಿನ್ ನಿಲ್ಲಿಸಬೇಕಾ? ಗಿರಾಕಿ ಬರ್ತಾರೆ, ಹೊಲಿ ಹೊಲಿ.

ಹುಬ್ಬು ಯಾಕೆ ಮೇಲೇರಿಸ್ತೀಯಾ? ಬಿಸಿ ಹೆಂಗೆ ಗೊತ್ತಾಗುತ್ತೆ? ಇಪ್ಪತ್ತೆರಡು ವರ್ಷ ಗಿಟಾರ್ ನುಡಿಸಿದ ಎಡಗೈ ಇದು! ನಾಲ್ಕು ಬೆರಳ ತುದಿಗೂ ಜಡ್ಡು. ಆಮೆ ಚಿಪ್ಪು! ನನ್ನ ಫೋನೇ ಈ ಬೆರಳನ್ನ ಗುರುತಿಸಲ್ಲ. ಯಾವನೋ ಕಳ್ಳ ಅಂದ್ಕೊಂಡು ಬಾಗಿಲೇ ತೆಗೆಯಲ್ಲ.

ಇದನ್ನ ನೋಡ್ಕೊಳ್ಳೋದು ಅಂದ್ರೆ ಕೂಸು ಸಾಕಿದ ಹಾಗೆ ಕಣೇ. ಸ್ನಾನ ಆಗಿ ಒಂದು ಗಂಟೆ ತಂತಿ ಮುಟ್ಟೋ ಹಾಗಿಲ್ಲ, ನೆನೆದ ಜಡ್ಡು ಸಿಪ್ಪೆ ಥರ ಎದ್ದು ಬರುತ್ತೆ. ಅಂಚು ಒರಟಾದ್ರೆ ಬಡಗಿಗಳು ಮರ ಉಜ್ಜೋ ಕಾಗದ ತಗೊಂಡು ಮೆಲ್ಲಗೆ... ಮೆಲ್ಲಗೆ ಉಜ್ಜಬೇಕು. ಕಿತ್ತರೆ ಮಾತ್ರ ಕೆಟ್ಟೆ. ಒಂದ್ಸಲ ಬಸ್ಸಲ್ಲಿ ಬೇಜಾರಾಗಿ ಕಿತ್ಕೊಂಡಿದ್ದೆ. ಆ ಸಂಜೆ ಮದುವೆ ಮನೇಲಿ ಮೊದಲನೇ ತಂತಿ ಒತ್ತಿದ್ದೇ ತಡ, ಹಾಡೋಳಿಗಿಂತ ಜೋರಾಗಿ 'ಅಮ್ಮಾ' ಅಂದೆ! ಜನ ಅದೂ ಹಾಡೇ ಅಂದ್ಕೊಂಡು ಚಪ್ಪಾಳೆ ತಟ್ಟಿದ್ರು. ನಗು, ನಗು! ನನಗೂ ನಗು ಬರುತ್ತೆ.

ಮನೇಲಿ ಪಾತ್ರೆ ತೊಳೀರಿ ಅಂದ್ರೆ, 'ಜಡ್ಡು ನೆನೆಯುತ್ತೆ' ಅಂತ ಜಾರಿಕೊಳ್ತೀನಿ. 'ನಿಮ್ಮ ಬೆರಳಿಗಲ್ಲ, ಮೈಗೇ ಜಡ್ಡು' ಅಂತಾಳೆ ನನ್ನ ಹೆಂಡತಿ. ತಪ್ಪೇನಿದೆ ಹೇಳು!

...ಯಾಕೆ, ಈಗ ನಗ್ತಿಲ್ಲ?

ಓಹೋ. ನಮ್ಮ ಡ್ರಮ್ಮಿನವನು ಬಂದಿದ್ನಾ? ಅಳತೆ ಕೊಡೋಕೆ ಬಂದು ನನ್ನ ಅಳತೆ ಕೊಟ್ಟು ಹೋದ್ನಾ! ಹೌದಪ್ಪ, ಹೋದ ವಾರ ಹಾಡಿನ ಮಧ್ಯೆ ನಿಂತುಬಿಟ್ಟೆ. ತಂತಿ ಹರೀತು, ಏನ್ ಮಾಡ್ಲಿ? ಹರಿದಿತ್ತು ಕಣೇ! ...ಹಂಗೆ ನೋಡಬೇಡ. ಹರಿದಿರಲಿಲ್ಲ, ಸರೀನಾ? ತಲೆ ಎತ್ತಿ ಜನರ ಕಡೆ ನೋಡಿದೆ, ಅಷ್ಟರಲ್ಲಿ ಬೆರಳು ಯಾವ ತಂತಿ ಮೇಲಿದೆ ಅನ್ನೋದೇ ತಪ್ಪಿಹೋಯ್ತು. ನನ್ನ ಹತ್ರ ಕಲಿಯೋಕೆ ಮೊನ್ನೆ ಮೊನ್ನೆ ಸೇರಿದ ಶಿಷ್ಯರ ಥರ ಬಗ್ಗಿ ಬಗ್ಗಿ ಹುಡುಕಿದೆ. ಗುರುಗಳಂತೆ, ಗುರುಗಳು! ಜಡ್ಡು ಸ್ವಲ್ಪ ದಪ್ಪ ಆಗಿದೆ. ಉಜ್ಜಿದ್ರೆ ಸರಿಹೋಗುತ್ತೆ.

ಸೂಜಿ ಯಾಕೆ ತಗೊಂಡೆ? ಪರೀಕ್ಷೆನಾ? ಹ್ಞೂಂ, ಬಾ! ಏನು, ಎರಡೂ ಕೈನಾ? ಬಲಗೈಯಲ್ಲಿ ಜಡ್ಡೇ ಇಲ್ವಲ್ಲೇ, ಅದು ನಿನ್ನ ಕೈಗಿಂತ ಮೃದು. ಆಯ್ತಮ್ಮ, ತಗೋ. ಕಣ್ಣೂ ಮುಚ್ಚಿದೆ. ಚುಚ್ಚು.

...ಚುಚ್ಚೇ. ದಿನಾ ಬಟ್ಟೆಗೆ ಸಾವಿರ ಸಲ ಚುಚ್ಚೋಳು, ತಮ್ಮನಿಗೆ ಒಂದು ಸಲ ಚುಚ್ಚೋಕೆ ಭಯಾನಾ? ...ಎಷ್ಟೊತ್ತು ಕಾಯಿಸ್ತೀಯಾ? ...ಅಕ್ಕಾ? ...ಕಣ್ಣು ಬಿಡ್ತೀನಿ ನೋಡು.

ಓ.

ರಕ್ತ. ಮೂರು ಕಡೆ... ಬಲಗೈಯಲ್ಲೂ.

ಆರು ತಿಂಗಳಾಯ್ತು ಕಣೇ. ಮೊದಲು ಪಾದ ಜೋಮು ಹಿಡೀತು, ಆಮೇಲೆ ಕೈ. ಅಪ್ಪನ ಕಾಯಿಲೆನೂ ಹಿಂಗೇ ಶುರುವಾಗಿದ್ದು, ಗೊತ್ತಿಲ್ವಾ ನನಗೆ? ಗೊತ್ತಿದ್ದಕ್ಕೇ ಡಾಕ್ಟರ ಹತ್ರ ಹೋಗಲಿಲ್ಲ. ಅವರು ಏನೋ ಒಂದು ಹೆಸರು ಹೇಳ್ತಾರೆ, ಆಮೇಲೆ ನಾನು ಗಿಟಾರ್... ಜಡ್ಡು ಅಂದ್ರೆ ಎಲ್ಲರೂ ನಗ್ತಾರೆ, ಅಲ್ಲಿಗೆ ಮಾತು ಮುಗೀತು. ಹೆಂಡತಿ ಕೂಡ ನಗ್ತಾಳೆ. ನೀನೊಬ್ಬಳು...

ಬೈದಾದ್ರೂ ಬಿಡೇ. ಹಿಂಗೆ ಸುಮ್ನೆ ಕೈ ಹಿಡ್ಕೊಂಡು ಕೂರಬೇಡ ಅಕ್ಕಾ... ನೀನು ಹಿಡ್ಕೊಂಡಿದ್ದೀಯ ಅನ್ನೋದೂ ನನಗೆ ನೋಡಿದ್ರೇನೇ ಗೊತ್ತಾಗೋದು.