ಬೆಸುಗೆ ಕೋಣೆಯ ದೀಪ

ಹಲೋ... ಹನುಮವ್ವಾ? ಅಲ್ವಾ? ಯಾರು ಮಾತಾಡ್ತಿರೋದು?

...

ಓ, ನಾಗಲಕ್ಷ್ಮಮ್ಮನೋರಾ. ನಾನಮ್ಮ, ವನಜಾ. ನಿಮ್ಮ ಕೆಳಗಿನ ಮನೇಲಿ ಹೆಂಗಸರಿಗೆ ಬೆಳ್ಳಿ ಒಡವೆ ಕೆಲಸ ಹೇಳ್ಕೊಡೋ ಟೀಚರ್. ಇನ್ನೂ ಜಾಲಹಳ್ಳಿ ಕ್ರಾಸಲ್ಲೇ ಇದೀನಿ, ಬಸ್ಸು ಅಲ್ಲಾಡ್ತಿಲ್ಲ. ಪಟ್ಟಂದೂರು ಸೇರೋಕೆ ಮಧ್ಯಾಹ್ನ ಆಗುತ್ತೆ. ಅವಳ ಫೋನು ನಿಮ್ಮ ಕೈಲಿ ಹೇಗೆ?

...

ಹಾಂ, ಬೆಸುಗೆ ರೂಮಲ್ಲಿ ರಂಗೋಲಿ ಹಾಕ್ತಿದಾಳಾ. ಹಾಕ್ಲಿ, ಆಯುಧ ಪೂಜೆ ಅಲ್ವಾ. ಅವಳೇ ಬೆಸುಗೆ ಹಾಕಿದ ಮೊದಲ್ನೇ ಕಾಲುಂಗುರಾನೂ ಪೂಜೆಗಿಡು ಅಂದಿದ್ದೆ.

...

ಸಿಲಿಂಡರ್‌ಗೂ ಹಾರ ಹಾಕಿದೀರಾ? ಎಲ್ಲಿ, ಹೊರಗಡೆ ಗೂಡಲ್ಲಿ ತಾನೆ?

...

ಒಳಗೆ ತಂದ್ರಾ? ಪೈಪು ಬಿಚ್ಚಿ ತಂದ್ರಾ, ಹಾಗೇ ಎಳ್ಕೊಂಡು ಬಂದ್ರಾ?

...

ಅಮ್ಮಾ, ಏನಾದ್ರೂ ವಾಸನೆ ಬರ್ತಿದ್ಯಾ... ಮೋರಿ ವಾಸನೆನಾ. ಕಿಟಕಿ ತೆಗೆದಿದ್ಯಾ?

...

ಗಾಳಿಗೆ ದೀಪ ಆರುತ್ತೆ ಅಂತ ಕಿಟಕೀನೂ ಹಾಕಿದೀರಾ, ಬಾಗ್ಲೂ ಹಾಕಿದೀರಾ. ಅದು ಮೋರಿ ಅಲ್ಲಮ್ಮ. ಗ್ಯಾಸು. ದೀಪ ಎಲ್ಲಿದೆ ಈಗ?

...

ನಿಮ್ಮ ಕೈಲೇ ಇದ್ಯಾ. ರೂಮಿನಾಚೆ, ದೇವರ ಮೂಲೇಲೇ ನಿಂತಿದೀರಾ. ಅಲ್ಲಿಂದ ಕದಲ್ಬೇಡಿ. ಬೀದಿಗೆ ಬರ್ಬೇಕಂದ್ರೂ ಆ ರೂಮಿನ ಬಾಗ್ಲ ಮುಂದೇನೇ ಬರ್ಬೇಕು. ಅಲ್ಲೇ ಆರಿಸ್ಬಿಡಿ.

...

ಗೊತ್ತಮ್ಮ. ಹಬ್ಬದ ದಿನ ಮುತ್ತೈದೆ ಕೈಯಾರೆ ದೀಪ ಆರಿಸಬಾರ್ದು, ನಂಗೂ ಗೊತ್ತು. ಊದ್ಬೇಡಿ, ಹೂವಲ್ಲಿ ಒತ್ತಿ. ಪಾಪ ಏನಿದ್ರೂ ನನ್ನ ತಲೆಗಿರ್ಲಿ. ಒಳಗೆ ಆ ಹುಡುಗಿ ಇದಾಳೆ. ನಿಮ್ಮ ಕಾಲಿಗೆ ಬೀಳ್ತೀನಿ, ಒತ್ತಿ.

...

ಒತ್ತಿದ್ರಾ? ಹೊಗೇನೂ ನಿಲ್ತಾ?

...

ಈಗ ಬಾಗ್ಲು ತೆಗೀರಿ. ಲೈಟು, ಫ್ಯಾನು, ಯಾವ ಸ್ವಿಚ್ಚೂ ಮುಟ್ಬೇಡಿ. ಅವಳ ಕೈ ಹಿಡ್ಕೊಂಡು ಬೀದಿಗೆ ಬನ್ನಿ.

...

ಅಮ್ಮಾ? ಅಮ್ಮಾ, ಬಂದ್ರಾ? ಏನಾದ್ರೂ ಹೇಳಿ.

...

ಯಾರು, ಹನುಮವ್ವಾ? ಹೊರಗಿದ್ಯಾ? ತಲೆ ಸುತ್ತುತ್ತಾ? ಗಾಳಿಗೆ ಕೂತ್ಕೊ. ಅಳ್ಬೇಡ, ನಿಂದೇನೂ ತಪ್ಪಿಲ್ಲ. ಸಿಲಿಂಡರ್ ಗೋಡೆಯಾಚೆ ಇರ್ಬೇಕು, ಕಿಟಕಿ ತೆಗೆದಿರ್ಬೇಕು, ಪಕ್ಕದಲ್ಲಿ ಮರಳಿನ ಬಕೆಟ್ಟು ಇರ್ಬೇಕು ಅಂತ ಒಂದು ತಿಂಗಳು ಕೂತು ಆ ರೂಮು ಮಾಡಿದವಳು ನಾನು. ಪೂಜೆಗೆ ಎಲ್ಲಾ ಸಾಮಾನೂ ಒಳಗೆ ಜೋಡಿಸು ಅಂದವಳೂ ನಾನೇ. ನನ್ನ ಬುದ್ಧಿ ಎಲ್ಲಿಗೆ ಹೋಗಿತ್ತೋ. ಕೇಳು, ಸಿಲಿಂಡರ್ ತಿರುಪು ಮುಚ್ಚಿ ಬಂದ್ಯಾ?

...

ಇಲ್ವಾ. ಬೇಡ, ನೀನು ಮತ್ತೆ ಒಳಗೆ ಹೋಗ್ಬೇಡ. ಯಾರೂ ಹೋಗೋದು ಬೇಡ. ಅಮ್ಮನಿಗೆ ಫೋನು ಕೊಡು.

...

ಎಲ್ಲಿಗೆ ಹೋದ್ರು?

...

ಮತ್ತೆ ಒಳಗಾ? ಏನಂತ ಹೇಳಿ ಹೋದ್ರು... ಆರಿದ ದೀಪಾನ ಹಾಗೇ ಬಿಡಬಾರ್ದು ಅಂತಾನಾ.

...

ಕಡ್ಡಿಪೆಟ್ಟಿಗೆ ಅವರ ಹತ್ರ ಇದ್ಯಾ?

...

ಹನುಮವ್ವ, ಕೂಗು. ಇನ್ನೂ ಜೋರಾಗಿ ಕೂಗು. ಅವರಿಗೆ ಕೇಳಿಸ್ತಾ? ತಿರುಗಿ ನೋಡಿದ್ರಾ?

...

ಹನುಮವ್ವ, ಅವರು ತಿರುಗಿ...

ಹಲೋ... ಹಲೋ...