ಎರಡು ಹಿಡಿಕೆಯ ಕಪ್

ಪಾತ್ರೆ ಅಂಗಡಿಯ ಬಿಲ್ಲಿನ ಸಾಲಿನಲ್ಲಿ ನನ್ನ ಮುಂದೆ ವಾರಗಿತ್ತಿಯರಿಬ್ಬರು ನಿಂತಿದ್ದರು. ಹಿರಿಯವಳ ಬುಟ್ಟಿಯಲ್ಲಿ ಆರು ಕಪ್, ಒಂದೊಂದಕ್ಕೂ ಎರಡೆರಡು ಹಿಡಿಕೆ. ಯಾತಕ್ಕೋ ಎಂದು ನಾನೂ ಕಿವಿಗೊಟ್ಟೆ.

"ಅಕ್ಕ, ಇವು ಸೂಪ್ ಕುಡಿಯೋವಲ್ವಾ?"

"ಮಾವನ ಕಾಫಿಗೆ. ಕೈ ನಡುಗತ್ತೆ, ನಿನ್ನೆನೂ ಅಂಗಿ ಮೇಲೆ ಚೆಲ್ಕೊಂಡ್ರು."

"ಅವರು ಮುಟ್ಟೋದೂ ಇಲ್ಲ. ನಾನೇನು ಮಗೂನಾ ಅಂತಾರೆ."

"ಅದಕ್ಕೇ ಆರು ತಗೊಂಡೆ. ಇನ್ಮೇಲೆ ಮನೇಲಿ ಎಲ್ಲರೂ ಇದ್ರಲ್ಲೇ ಕುಡಿಯೋದು."

"ಹಳೇ ಕಪ್ ಎಲ್ಲಿ ಅಂತ ಕೇಳಿದ್ರೆ?"

"ನೀನು ಒಡೆದು ಹಾಕಿದೆ ಅಂತೀನಿ."

"ಅಷ್ಟನ್ನೂ ನಾನೇನಾ?"

"ನಾನು ಒಡೆದೆ ಅಂದ್ರೆ ಅವರು ನಂಬಬೇಕಲ್ಲ."

ಬಿಲ್ಲಾದ ಮೇಲೆ ಕಿರಿಯವಳು ಚೀಲಕ್ಕೆ ಕೈ ಚಾಚಿದಳು.

"ಬೇಡ, ನಾನೇ ಹಿಡ್ಕೋತೀನಿ," ಎಂದಳು ಹಿರಿಯವಳು, ಬಾಗಿಲ ಕಡೆ ನಡೆಯುತ್ತ. "ಇವು ಮನೆವರೆಗಾದ್ರೂ ಬರಲಿ."